ಸುಟ್ಟರೂ ಸಾಯದ ಗಾಡಿ

"ಗುರುಗಳೇ, ಹಗುರವಾದ ಗಾಡಿ ಕಡಿಮೆ ಎಣ್ಣೆ ಕುಡಿಯುತ್ತದೆ, ಕಡಿಮೆ ಹೊಗೆ ಬಿಡುತ್ತದೆ. ಅದನ್ನು ಮಾಡಿದವನಿಗೆ ಪುಣ್ಯ ಬರುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮುಖ ಗಂಟಿಕ್ಕಿಕೊಂಡು ಹೇಳಿದರು:

ಒಬ್ಬ ಗುಜರಿಯವನಿದ್ದ. ಹಳೆಯ ಗಾಡಿಗಳನ್ನು ಒಡೆದು ಕಬ್ಬಿಣವನ್ನು ಕುಲುಮೆಗೆ, ತಾಮ್ರವನ್ನು ಕಂಚುಗಾರನಿಗೆ ಮಾರುತ್ತಿದ್ದ. ಬಾಗಿಲಿಗೆ ಬಂದ ಮುರುಕನ್ನು ಹಿಂದಕ್ಕೆ ಕಳಿಸಬಾರದು ಎಂಬುದು ಅವನ ಅಪ್ಪ ಹಾಕಿಕೊಟ್ಟ ಕಟ್ಟಳೆ. ಲೋಕದ ಕಸವೆಲ್ಲ ತನ್ನ ಕೈಯಲ್ಲಿ ಮತ್ತೆ ಬದುಕುತ್ತದೆ ಎಂಬ ಹೆಮ್ಮೆ ಅವನಿಗಿತ್ತು.

ಆ ಊರಿನ ವ್ಯಾಪಾರಿಯೊಬ್ಬ ಇಂಗಾಲದ ನಾರನ್ನು ಅಂಟಿನಲ್ಲಿ ಅದ್ದಿ, ಗಟ್ಟಿ ಮಾಡಿ, ಅದರಿಂದ ಗಾಡಿಯ ಮೈ ಕಟ್ಟಿದ. ಒಬ್ಬನೇ ಎತ್ತಬಹುದಾದಷ್ಟು ಹಗುರ. ಊರೆಲ್ಲ ಹೊಗಳಿತು. ಹತ್ತು ವರ್ಷ ಓಡಿ ಆ ಗಾಡಿಗಳು ಮುರಿದವು. ಮುರಿದದ್ದೆಲ್ಲ ಗುಜರಿಯವನ ಬಾಗಿಲಿಗೆ ಬಂತು.

ಅವನು ಸುತ್ತಿಗೆಯಲ್ಲಿ ಬಡಿದ. ಅದು ಬಾಗಲಿಲ್ಲ, ಸೀಳಿತು. ಆಯಸ್ಕಾಂತ ಹಿಡಿದ, ಕಚ್ಚಲಿಲ್ಲ. ತಂತಿಯ ಸಿಪ್ಪೆ ಸುಟ್ಟರೆ ಒಳಗೆ ತಾಮ್ರ ಸಿಗುತ್ತದೆ, ಇದನ್ನು ಸುಟ್ಟರೂ ಏನಾದರೂ ಸಿಕ್ಕೀತು ಎಂದು ಮನೆಯ ಹಿಂದೆ ರಾಶಿ ಹಾಕಿ ಬೆಂಕಿ ಇಟ್ಟ. ಅಂಟು ಕಪ್ಪು ಹೊಗೆಯಾಗಿ ಹೋಯಿತು. ನಾರು ಕೂದಲಿಗಿಂತ ಸಣ್ಣ ಪುಡಿಯಾಗಿ ಹಾರಿ ಬಾವಿಗೆ ಬಿತ್ತು, ಅನ್ನದ ತಟ್ಟೆಗೆ ಬಿತ್ತು. ಬೂದಿ ಕೆದಕಿ ಲೋಹ ಹುಡುಕುತ್ತಿದ್ದವಳು ಅವನ ಹೆಂಡತಿ. ಮೊದಲು ಅವಳ ಕೈ ತುರಿಸಿತು. ಆಮೇಲೆ ಕೆಮ್ಮು ಹಿಡಿಯಿತು. ಕೊನೆಗೆ ಒಂದು ಕೊಡ ನೀರು ಸೇದುವಷ್ಟೂ ಉಸಿರು ಉಳಿಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು.

ಗುಜರಿಯವನು ಅಪ್ಪನ ಕಟ್ಟಳೆ ಮುರಿದು, ಉಳಿದ ಮುರುಕನ್ನೆಲ್ಲ ಹೇರಿಕೊಂಡು ಹೋಗಿ ವ್ಯಾಪಾರಿಯ ಅಂಗಳದಲ್ಲಿ ಸುರಿದ.

"ಸ್ವಾಮಿ, ಇದು ಕರಗಲ್ಲ, ಕೊಳೆಯಲ್ಲ, ಸುಟ್ರೆ ನನ್ನ ಹೆಂಡ್ತಿ ಉಸಿರು ಕಟ್ತು. ಹುಟ್ಟಿಸಿದೋರು ನೀವು, ಇದಕ್ಕೊಂದು ಗತಿ ಕಾಣಿಸಿ."

"ನನ್ನ ಗಾಡಿ ಎಷ್ಟು ಹೊಗೆ ಉಳಿಸಿದೆ ಗೊತ್ತೇನಯ್ಯಾ? ಬೆಂಕಿ ಇಟ್ಟವನು ನೀನು, ಹೊಣೆ ನಾನೇ?" ಎಂದ ವ್ಯಾಪಾರಿ.

"ಸುಡಬಾರದು ಅಂತ ಒಂದು ಮಾತು ಹೇಳಿದ್ರಾ? ಮಾರುವಾಗ ಎಲ್ಲಾ ಹೇಳಿದ್ರಿ, ಇದೊಂದನ್ನ ನುಂಗಿಕೊಂಡ್ರಿ!" ಎಂದು ಗುಜರಿಯವನು ಕೂಗಿದ.

ವ್ಯಾಪಾರಿಯ ಆಳುಗಳು ಅವನ ಕತ್ತು ಹಿಡಿದು ಹೊರಗೆ ದಬ್ಬಿದರು. ಮುರುಕನ್ನು ಅಂದೇ ಊರ ಕೆರೆಗೆ ಹಾಕಿದರು.

ಗುರುಗಳು ಅಲ್ಲಿಗೆ ಕಥೆ ಮುಗಿಸಿದರು. ಶಿಷ್ಯನಿಗೂ ಸಿಟ್ಟು ನೆತ್ತಿಗೇರಿತ್ತು. "ಅಂಥ ಪಾಪಿಗೆ ಆಮೇಲೆ ಏನಾಯಿತು?" ಎಂದು ಕೇಳಿದ.

"ಏನೂ ಆಗಲಿಲ್ಲ, ಮೊನ್ನೆ ನಮ್ಮ ಮಠಕ್ಕೂ ಒಂದು ಗಾಡಿ ದಾನ ಕೊಟ್ಟ, ಇವತ್ತು ನಾವಿಬ್ಬರೂ ಅದರಲ್ಲೇ ಕೂತು ಬಂದೆವು," ಎಂದರು ಗುರುಗಳು.