ತಾಮ್ರದ ಎರಡು ಭರಣಿ, ಹನ್ನೊಂದು ಕುತ್ತಿಗೆ

"ಕೇಳ್ರಪ್ಪೋ ಕೇಳಿ! ಸಿರಿಗಲ್ಲು ಸೀಮೆಯ ಮಹಾರಾಜರ ಅಪ್ಪಣೆ! ಕುಮಾರಿ ಹೊನ್ನಾಜಿ ಮೂರು ಒಗಟು ಇಡುತ್ತಾಳೆ. ಮೊದಲೆರಡರ ಉತ್ತರ ಎಲ್ಲಿದೆಯೋ ಅಲ್ಲಿ ಒಂದೊಂದು ತಾಮ್ರದ ಭರಣಿ ಬಚ್ಚಿಟ್ಟಿದ್ದಾಳೆ. ಹುಡುಕಿದವನು ಒಳಗಿದ್ದದ್ದನ್ನು ತೆಗೆದುಕೊಂಡು, ತನ್ನದೊಂದನ್ನು ಹಾಕಿ, ಭರಣಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಮೂರೂ ಬಿಡಿಸಿದವನು ಕುಮಾರಿಯ ಕೈ ಹಿಡಿಯುತ್ತಾನೆ. ತಪ್ಪು ಹೇಳಿದವನ ತಲೆ ಹೊತ್ತು ಮುಳುಗುತ್ತಲೂ ಉರುಳುತ್ತದೆ!"

ಈ ಡಂಗುರ ಸಾರಿದವನು ಬೇರೆ ಯಾರೂ ಅಲ್ಲ, ನಾನೇ. ನನ್ನ ತಮಟೆ ಸದ್ದಿಗೆ ಮೂರೂರ ಕೆರೆಯ ಮೀನು ದಡಕ್ಕೆ ನೆಗೆದು ಬಿದ್ದವು. ಸುಳ್ಳು ಅನ್ನುವವರು ಅವತ್ತು ಕೇಳಿಸಿಕೊಂಡವರನ್ನು ಕರೆದುಕೊಂಡು ಬರಲಿ. ಒಬ್ಬರಾದರೂ ಉಳಿದಿದ್ದರೆ ತಾನೆ? ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ನನ್ನ ಸೊಸೆ ಪುಟ್ಟತಾಯಿಗೂ ಹೀಗೇ ಹೇಳಿದೆ. "ಹೂಂ ಮಾವ, ಮುಂದಕ್ಕೆ ಹೇಳಿ" ಅಂದಳು.

ಮಾರನೆಯ ಬೆಳಿಗ್ಗೆ ಅರಮನೆ ಅಂಗಳದಲ್ಲಿ ಹನ್ನೊಂದು ಜನ ರಾಜಕುಮಾರರು ಕುದುರೆ ಮೇಲೆ ಬಂದು ನಿಂತರು. ಹೊನ್ನಾಜಿ ಒಗಟು ಹೇಳಿದಳು. "ಅವನಿಗೆ ತಲೆಯಿಲ್ಲ, ಊರವರ ತಲೆಭಾರವೆಲ್ಲ ಅವನ ಮೇಲೆ. ಕಾಲಿಲ್ಲ, ನಡೆದು ಬಂದವರ ದಣಿವೆಲ್ಲ ಅವನ ಹತ್ತಿರ ಇಳಿಯುತ್ತದೆ. ಯಾರವನು? ಇನ್ನೊಬ್ಬಳಿದ್ದಾಳೆ. ಹೋಗಿಬರುವವರೆಲ್ಲ ಅವಳಿಗೆ ಕಲ್ಲು ಎಸೆಯುತ್ತಾರೆ, ಗಾಯವಾಗುವುದಿಲ್ಲ, ಮೈ ತುಂಬಿಕೊಳ್ಳುತ್ತಾಳೆ. ಯಾರವಳು? ಕಡೆಯದು, ಸಿಗಲಿ ಅಂತಲೇ ಬಚ್ಚಿಡುವುದು ಯಾವುದು? ಒಂದು ಬಚ್ಚಿಟ್ಟರೆ ನೂರು ಸಿಗಬೇಕು."

ರಾಜಕುಮಾರರಿಗೆ ತಡೆಯುವ ಜಾಯಮಾನ ಎಲ್ಲಿಯದು? ಒಬ್ಬ "ಮೊದಲನೆಯದು ಸಿಂಹಾಸನ!" ಅಂದ. ತಪ್ಪು. "ಮಂಚ!" ಅಂದ ಮತ್ತೊಬ್ಬ. ತಪ್ಪು. "ಎರಡನೆಯದು ಮಾವಿನ ಮರ!" ಅಂದವನಿಗೆ ಕುಮಾರಿ, "ಕಲ್ಲು ಬಿದ್ದರೆ ಮರ ದಪ್ಪವಾಗುತ್ತದೇನಯ್ಯಾ?" ಅಂದು ನಕ್ಕಳು. ಊಟದ ಹೊತ್ತಿಗೆ ಹನ್ನೊಂದೂ ಜನ ಸೆರೆಮನೆಯಲ್ಲಿ. ಅವರಲ್ಲೊಬ್ಬನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಸರಳು ಹಿಡಿದುಕೊಂಡು ಅಮ್ಮಾ ಅಂತ ಅಳುತ್ತಿದ್ದ.

ಆ ಅಳು ಕೇಳಲಾರದೆ ಮುಂದೆ ಬಂದವನು ನನ್ನ ಗೆಳೆಯ ಸಣ್ಣೀರ. ಬೀಸುವ ಕಲ್ಲು ಸವೆದರೆ ಉಳಿಯಲ್ಲಿ ಕುಟ್ಟಿ ಒರಟು ಮಾಡಿಕೊಡುತ್ತ ಊರೂರು ಸುತ್ತುವ ಬಡವ. "ತಾಯೀ, ನಾನು ಕೂತು ಯೋಚನೆ ಮಾಡೋನಲ್ಲ. ನಡೀತಾ ನಡೀತಾ ಹೊಳೀತದೆ. ಸಂಜೆವರೆಗೆ ಬಿಡ್ತೀರಾ?" ಅಂದ. ಕುಮಾರಿ ಒಪ್ಪಿದಳು. ಬಳೆ ಮಾರುವ ಈರಕ್ಕ ಬಳೆಗಂಟಿನ ಮಲಾರ ತಲೆ ಮೇಲೆ ಹೊತ್ತುಕೊಂಡು, "ನಾನೂ ಬರ್ತೀನಿ ಕಣೋ, ಒಬ್ನೇ ಸಾಯಬೇಡ" ಅಂತ ಹೊರಟಳು. ಬುತ್ತಿ ಗಂಟು ಹಿಡಿದು ನಾನೂ ಹೊರಟೆ.

ರಾಜಬೀದಿ ಬಿಟ್ಟು ಗಾಡಿಜಾಡು ಹಿಡಿದೆವು. ಎರಡೂ ಕಡೆ ಹುಚ್ಚೆಳ್ಳು ಹೂ ಬಿಟ್ಟಿತ್ತು. ಈರಕ್ಕ ಹಾಡು ಶುರು ಮಾಡಿದಳು. ನಾನು ದನಿ ಸೇರಿಸಿದೆ, ಗೀಜಗಗಳು ಗೂಡು ಕಟ್ಟುವುದನ್ನು ಬಿಟ್ಟು ಕೇಳುತ್ತ ಕೂತವು. ಎರಡು ಹರದಾರಿ ನಡೆದ ಮೇಲೆ ಈರಕ್ಕ, "ಉಸ್ಸಪ್ಪಾ!" ಅಂತ ದಾರಿ ಬದಿಯ ಹೊರೆಗಲ್ಲಿನ ಮೇಲೆ ಮಲಾರ ಇಳಿಸಿದಳು. ಎರಡು ಕಂಬದ ಮೇಲೊಂದು ಚಪ್ಪಡಿ, ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಇಳಿಸಿ ಹೊರುವುದಕ್ಕೆ.

ಸಣ್ಣೀರ ನಿಂತುಬಿಟ್ಟ. "ಅಕ್ಕಾ, ನಿನ್ನ ತಲೆಭಾರ ಈಗ ಯಾರ ಮೇಲಿದೆ?"

"ಇವನ ಮೇಲೆ..." ಅಂದವಳೇ ಈರಕ್ಕ ಬಾಯಿ ಮುಚ್ಚಿಕೊಂಡಳು. ಕುದುರೆ ಮೇಲೆ ಹೋಗುವವರಿಗೆ ಇವನ ಪರಿಚಯ ಎಲ್ಲಿಂದ ಆಗಬೇಕು? ಚಪ್ಪಡಿಯ ಕೆಳಗೆ, ಕಂಬದ ಸಂದಿಗೆ ಕೈ ಹಾಕಿದರೆ ತಾಮ್ರದ ಭರಣಿ, ಒಳಗೆ ನವಿಲುಗರಿ. ಗರಿ ತೆಗೆದುಕೊಂಡು ಈರಕ್ಕ ಹಸಿರು ಬಳೆಯೊಂದನ್ನು ಹಾಕಿದಳು. ಭರಣಿ ಮತ್ತೆ ಕಲ್ಲಡಿಗೆ.

ಮುಂದೆ ಮೂರು ದಾರಿ ಕೂಡುವಲ್ಲಿ ಕಲ್ಲವ್ವನ ಗುಡ್ಡೆ. ಆ ದಾರಿಯಲ್ಲಿ ಹೋಗುವವರೆಲ್ಲ ಒಂದು ಕಲ್ಲು ಹಾಕಿ, "ಕಾಪಾಡವ್ವಾ" ಅಂದು ಹೋಗಬೇಕು. ಅದೇ ಅವಳ ಪೂಜೆ. ನಾವು ಮೂವರೂ ಮುಖ ಮುಖ ನೋಡಿಕೊಂಡು, "ಎರಡನೆಯದೂ ಸಿಕ್ಕಿತು!" ಅಂತ ಕುಣಿದೆವು. ಆದರೆ ಗುಡ್ಡೆ ಮನೆಯಷ್ಟು ಎತ್ತರ. ನಾನು ಕೆದಕಲು ಹೋದೆ. ಸಣ್ಣೀರ ಕೈ ಹಿಡಿದ. "ಜನ ಕೈ ಮುಗಿದು ಹಾಕಿದ ಕಲ್ಲಪ್ಪಾ, ಕೆದಕಬಾರದು. ಮೊದಲು ನಮ್ಮ ಪೂಜೆ ಆಗಲಿ."

ಈರಕ್ಕನ ಕಲ್ಲು ಟಪ್ ಅಂತು. ಸಣ್ಣೀರನದು ಟಪ್ ಅಂತು. ನಾನು ಎಸೆದದ್ದು ಠಣ್ ಅಂತು! ತಾಮ್ರ! ಎರಡು ಕಲ್ಲು ಸರಿಸಿದರೆ ಭರಣಿ, ಒಳಗೊಂದು ಬೆಳ್ಳಿ ಗೆಜ್ಜೆ. ಸಣ್ಣೀರ ತನ್ನ ಸಣ್ಣ ಉಳಿಯನ್ನು ಅದರಲ್ಲಿಟ್ಟ.

ಹೊತ್ತು ಇಳಿಯುತ್ತಿತ್ತು. ಮೂರನೆಯದಕ್ಕೆ ಉತ್ತರವಿಲ್ಲ. ಬೇಗ ಅರಮನೆ ಸೇರೋಣವೆಂದು ಹೊಲಕ್ಕೆ ಅಡ್ಡ ಬಿದ್ದರೆ, ಅವರೆಕಾಳು ಬಿತ್ತುತ್ತಿದ್ದ ಹೆಂಗಸು ಕೂಗಿಕೊಂಡಳು. "ಯಾರ್ರೀ ಅದು! ಕಣ್ಣು ಕಾಣಲ್ವಾ? ಒಳಗೆ ಕಾಳೈತೆ, ತುಳೀಬ್ಯಾಡಿ!"

ಸಣ್ಣೀರ ಒಂಟಿಕಾಲಲ್ಲಿ ನಿಂತವನು ಹಾಗೇ ನಗತೊಡಗಿದ. ಯಾಕೋ ಅಂದರೆ, "ಮೊದಲು ಓಡಿ!" ಅಂದ. ಬದುವಿನ ಮೇಲೆ ಓಡಿದೆವು.

ಅರಮನೆಯಲ್ಲಿ ಕತ್ತಿ ಮಸೆಯುತ್ತಿದ್ದರು. ಸಣ್ಣೀರ ಹೊರೆಗಲ್ಲಿನ ಹೆಸರು ಹೇಳಿ ಗರಿ ಕೊಟ್ಟ, ಕಲ್ಲವ್ವನ ಹೆಸರು ಹೇಳಿ ಗೆಜ್ಜೆ ಕೊಟ್ಟ. "ಮೂರನೆಯದು?" ಅಂದಳು ಕುಮಾರಿ. ನಾನು ಸುಮ್ಮನಿರುವವನೇ? ಎಲ್ಲರಿಗಿಂತ ಮುಂಚೆ, "ಚಾಡಿ ಮಾತು! ಒಂದು ಕಿವಿಯಲ್ಲಿ ಬಚ್ಚಿಟ್ಟರೆ ನೂರು ಬಾಯಲ್ಲಿ ಸಿಗುತ್ತದೆ!" ಅಂತ ಕೂಗಿದೆ. ಸಭೆಗೆ ಸಭೆಯೇ ನಕ್ಕಿತು.

"ತಪ್ಪು" ಅಂದಳು ಕುಮಾರಿ.

ಸಣ್ಣೀರ ಮೆಲ್ಲಗೆ ಹೇಳಿದ. "ಬಿತ್ತಿದ ಕಾಳು, ತಾಯಿ. ಮಣ್ಣಲ್ಲಿ ಬಚ್ಚಿಟ್ಟು, ಸಿಗಲಿ ಸಿಗಲಿ ಅಂತ ಮುಗಿಲು ನೋಡ್ತಾರೆ. ಒಂದು ಇಟ್ಟರೆ ನೂರು."

ಹೊನ್ನಾಜಿ ಎದ್ದು ಬಂದು ತಾನೇ ಹಾರ ಹಾಕಿದಳು. ರಾಜ, "ಇನ್ನೇನು ಬೇಕು ಕೇಳಪ್ಪಾ" ಅಂದ. ಸಣ್ಣೀರ, "ಸೆರೆಯಲ್ಲಿರೋ ಹನ್ನೊಂದು ಕುತ್ತಿಗೆ ಕೊಡಿಸಿ, ಸ್ವಾಮಿ" ಅಂದ. ಕತ್ತಿ ಒರೆಗೆ ಹೋಯಿತು. ಮೀಸೆ ಮೂಡದ ಹುಡುಗ ಅಲ್ಲೇ ಸಣ್ಣೀರನನ್ನು ಎತ್ತಿಕೊಂಡು ಕುಣಿದ. ಮದುವೆ ಊಟ ಒಂಬತ್ತು ದಿನ ನಡೆಯಿತು.

ಪುಟ್ಟತಾಯಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ಮಾವ, ತಪ್ಪು ಹೇಳಿದ ರಾಜಕುಮಾರರು ಹನ್ನೊಂದು. ಚಾಡಿ ಮಾತು ಅಂದ ನೀವು ಹನ್ನೆರಡನೆಯವರು. ಅವನು ಕೇಳಿದ್ದು ಹನ್ನೊಂದೇ ಕುತ್ತಿಗೆ. ನಿಮ್ಮ ತಲೆ?"

ನಾನು ಕುತ್ತಿಗೆ ಸವರಿಕೊಂಡು ನೋಡಿದೆ. ಇತ್ತು.

"ಒಳಗೆ ಏನಾದರೂ ಇದ್ದ ತಲೆಗಳನ್ನಷ್ಟೇ ಕಡಿಯುತ್ತಿದ್ದರೋ ಏನೋ" ಅಂದು ಹೆಗಲು ಕುಣಿಸಿದೆ.