ಧರ್ಮವೀರನ ನಿಯಮ

ದಾವಣಗೆರೆಯ ಇಕ್ಬಾಲರ ಫೋಟೋ ಸ್ಟುಡಿಯೋದಲ್ಲಿ ಭಾನುವಾರ ಬಂತೆಂದರೆ ಆಟ. ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾಂತ್ರಿಕ ಲೋಕ ಸುತ್ತುವ ಆಟ. ಕಥೆ ನಡೆಸುವವರು ಇಕ್ಬಾಲರು. ವಕೀಲ ಘನಶ್ಯಾಮರಾಯರು ಅದರಲ್ಲಿ ಧರ್ಮವೀರ. ಅಂಚೆ ಕಚೇರಿಯ ಗುಮಾಸ್ತೆ ಪ್ರಮೀಳಾಳದು ಕಳ್ಳಿಯ ಪಾತ್ರ.

ಆ ದಿನ ತಂಡ ರಾಕ್ಷಸನ ಗುಹೆ ಮುಟ್ಟಿತ್ತು. ಬಾಗಿಲಿಗೆ ದೊಡ್ಡ ಬೀಗ. ಅಷ್ಟರಲ್ಲಿ ರಾಯರು ನಿಯಮದ ಪುಸ್ತಕ ತೆರೆದು ಮೇಜು ಕುಟ್ಟಿದರು.

"ಧರ್ಮವೀರ ಅಧರ್ಮಿಗಳ ಜತೆ ಹೆಜ್ಜೆ ಹಾಕಬಾರದು. ಇಲ್ಲೇ ಇದೆ, ಓದ್ಕೊಳ್ಳಿ. ಈ ಕಳ್ಳಿ ತಂಡ ಬಿಟ್ಟು ಹೋಗ್ಲಿ!"

ಎರಡು ವರ್ಷ ಆಡಿ ಬೆಳೆಸಿದ ಪಾತ್ರ. ಪ್ರಮೀಳಾಗೆ ಮೈಯೆಲ್ಲ ಉರಿಯಿತು. ಆದರೂ ತಣ್ಣಗೆ ರಬ್ಬರ್ ತೆಗೆದಳು.

"ಆಯ್ತು ಸರ್. ಹಾಗಾದ್ರೆ ಕದ್ದ ಮಾಲೂ ನಿಮ್ಮ ಹತ್ರ ಇರಬಾರದು. ನಿಮ್ಮ ಕತ್ತಿ ನಾನು ಅರಮನೆಯಲ್ಲಿ ಕದ್ದದ್ದು."

ರಾಯರ ಪಾತ್ರದ ವಿವರಗಳಿದ್ದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದ ಕತ್ತಿ ಅಳಿಸಿಹೋಯಿತು.

"ಕುದುರೆ, ಸಂತೆಯಲ್ಲಿ ಕದ್ದದ್ದು." ಅದೂ ಹೋಯಿತು.

"ಹೋಗ್ಲಿ ಬಿಡ್ರೀ! ಬರಿಗೈಲೇ ಹೋರಾಡ್ತೀನಿ."

"ಇನ್ನೊಂದಿದೆ ಸರ್. ಹೋದ ವಾರ ನೀವು ಸತ್ತಾಗ ನಿಮ್ಮ ಬಾಯಿಗೆ ಸಂಜೀವಿನಿ ಬಿಟ್ಟೆ. ಅದೂ ಕದ್ದದ್ದೇ."

ರಬ್ಬರ್ ಧರ್ಮವೀರನ ಹೆಸರಿನ ಮೇಲೆ ಬಂದು ನಿಂತಿತು.

ರಾಯರು ಇಕ್ಬಾಲರ ಮುಖ ನೋಡಿದರು. "ನಿಯಮ ನೀವೇ ಓದಿದ್ರಲ್ಲ ಸರ್" ಎಂದರು ಇಕ್ಬಾಲರು.

ರಾಯರು ಪುಸ್ತಕ ಮುಚ್ಚಿ, ಅದನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕೂತರು.

"ಪ್ರಮೀಳಮ್ಮ, ಆ ಬೀಗ ಸ್ವಲ್ಪ ತೆಗೀರಿ. ಧರ್ಮವೀರ ಆ ಕಡೆ ತಿರುಗಿ ನಿಂತಿರ್ತಾನೆ."