ಹೌಸ್‌ಫುಲ್ ಮರಿಸಿದ್ದ

ಮರಿಸಿದ್ದನಿಗೆ ಒಂದು ಅಭ್ಯಾಸ. ಯಾರು ಏನು ಹೇಳಿದರೂ ಆ ಮಾತನ್ನು ತಾನೂ ಒಂದು ಸಲ ಹೇಳುತ್ತಿದ್ದ, ಆಮೇಲೆ ಕತ್ತು ಚಾಚಿ ಗುಟುಕ್ಕನೆ ನುಂಗುತ್ತಿದ್ದ. ಗಂಟಲ ಮೂಳೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ಅಷ್ಟೇ, ಮಾತು ಹೊಟ್ಟೆ ಸೇರಿತು. ಇನ್ನು ಆನೆ ಕಟ್ಟಿ ಎಳೆದರೂ ಹೊರಗೆ ಬರುವುದಿಲ್ಲ.

ಅವನವ್ವ ಸಾಕಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಟಾಕೀಸಿನ ಗೇಟಿನಲ್ಲಿ ಹುರಿದ ಕಡಲೆಕಾಯಿ ಮಾರುವವಳು. ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತವಳು. ಗೋಡೆಯ ಆಚೆ ಸಿನಿಮಾ, ಈಚೆ ಸಾಕಮ್ಮ. ಕೇಳಿದ ಸಿನಿಮಾಗಳಿಗೆ ಲೆಕ್ಕವಿಲ್ಲ, ನೋಡಿದ್ದು ಒಂದೂ ಇಲ್ಲ. ಆಟ ನಡೆಯುವಾಗ ಕಾಯಿ ಹುರಿಯಬೇಕು, ಇಂಟರ್ವಲ್ಲಿನಲ್ಲಿ ಮಾರಬೇಕು, ಇನ್ನು ನೋಡುವುದೆಲ್ಲಿ? ಒಳಗೆ ನಾಯಕಿ ಅತ್ತರೆ ಹೊರಗೆ ಇವಳೂ ಸೆರಗು ಕಣ್ಣಿಗೆ ಒತ್ತುತ್ತಿದ್ದಳು.

“ಅಳೋದು ಕೇಳಿದ್ದೀನಿ ಕಣ್ರಪ್ಪಾ, ಅಳೋ ಮುಖ ನೋಡಿಲ್ಲ. ಸಾಯೋದ್ರೊಳಗೆ ಒಂದೇ ಒಂದು ಆಟ ನೋಡ್ಬೇಕು” ಅಂತ ಗಿರಾಕಿಗಳ ಹತ್ತಿರವೆಲ್ಲ ಹೇಳುತ್ತಿದ್ದಳು.

ಒಂದು ದಿನ ಸೌದೆ ತರಲು ಹೊರಟವಳು ಮಗನನ್ನು ಬಾಣಲೆ ಮುಂದೆ ಕೂರಿಸಿದಳು.

“ಕಾಯಿ ಬಿಸಿಯಾಗೇ ಇರ್ಬೇಕು ಮಗಾ. ಆರಿದ್ದನ್ನ ನಾಯಿನೂ ಮೂಸಲ್ಲ!”

“ಕಾಯಿ ಬಿಸಿಯಾಗೇ ಇರ್ಬೇಕು” ಅಂದ. ಗುಟುಕ್!

ಬಂದು ನೋಡುತ್ತಾಳೆ, ಬಾಣಲೆ ತುಂಬಾ ಇದ್ದಿಲು!

“ಅಯ್ಯೋ ನನ್ನ ಕರ್ಮವೇ! ಇದೇನೋ ಇದು?”

“ಬಿಸಿಯಾಗೇ ಅದೆ, ಬೇಕಾದ್ರೆ ಮುಟ್ಟಿ ನೋಡವ್ವಾ!”

ಮುಟ್ಟಿದಳು. ಕೈ ಸುಟ್ಟಿತು. ಮಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇವನನ್ನು ಬಾಣಲೆ ಮುಂದೆ ಇಟ್ಟುಕೊಂಡರೆ ಇಬ್ಬರಿಗೂ ಗಂಜಿಗೂ ಗತಿಯಿಲ್ಲ ಅಂದುಕೊಂಡ ಸಾಕಮ್ಮ, ಟಾಕೀಸಿನ ಯಜಮಾನರಾದ ಗುರುಪಾದಪ್ಪನವರ ಮುಂದೆ ಹೋಗಿ ಕೈಮುಗಿದಳು.

“ಯಜಮಾನ್ರೇ, ನನ್ ಮಗನಿಗೆ ಸುಳ್ಳು ಬರಲ್ಲ, ಕಳ್ಳತನ ಬರಲ್ಲ.”

“ಮತ್ತೇನು ಬರುತ್ತೆ?”

“ಹೇಳಿದ್ದು ಮಾಡೋದು ಬರುತ್ತೆ.”

“ಟಾಕೀಸಿಗೆ ಅಷ್ಟು ಸಾಕು. ಗೇಟಿಗೆ ನಿಲ್ಲಲಿ.”

ನಿಂತ. ಮೊದಲ ದಿನವೇ ಹೊಸ ಸಿನಿಮಾ. ಒಳಗೆ ನೋಡಿದರೆ ಅರ್ಧ ಜನ, ಅರ್ಧ ಬರೀ ಕುರ್ಚಿ. ಯಜಮಾನರು ಹಣೆ ಒರೆಸಿಕೊಂಡು ಹೊರಗೆ ಬಂದರು.

“ಲೋ ಸಿದ್ದಾ, ಹೌಸ್‌ಫುಲ್ ಬೋರ್ಡು ತಗಲಾಕೋ!”

“ಅರ್ಧ ಖಾಲಿ ಅದೆ, ಯಜಮಾನ್ರೇ!”

“ಅದಕ್ಕೇ ಕಣೋ! ಸೀಟು ಅದೆ ಅಂದ್ರೆ ನಾಳೆ ನೋಡುವಾ ಅಂತಾರೆ. ಸೀಟಿಲ್ಲ ಅಂದ್ರೆ ಈಗಲೇ ಬೇಕು ಅಂತಾರೆ. ಬೋರ್ಡು ಬಿತ್ತು ಅಂದ್ರೆ ಖಾಲಿ ಕಂಡ್ರೂ ತುಂಬಿದೆ! ಆಮೇಲೆ ದೇವರೇ ಬಂದ್ರೂ ಬಿಡಬೇಡ!”

“ಖಾಲಿ ಕಂಡ್ರೂ ತುಂಬಿದೆ. ದೇವರೇ ಬಂದ್ರೂ ಬಿಡಬೇಡ.” ಗುಟುಕ್!

ಬೋರ್ಡು ಬಿದ್ದದ್ದೇ ತಡ, ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದವರೆಲ್ಲ ಓಡಿ ಬಂದರು. “ಹೌಸ್‌ಫುಲ್ಲಂತೆ! ಭಾರಿ ಚೆನ್ನಾಗಿರ್ಬೇಕು ಕಣ್ಲಾ!” ಸಂಜೆ ಆಟಕ್ಕೆ ಆಗಲೇ ಸಾಲು ನಿಂತರು. ಯಜಮಾನರ ತಲೆ ಎಂಥ ತಲೆ ನೋಡಿ! ಸಾಕಮ್ಮನ ಬುಟ್ಟಿಯೂ ಬರಿದಾಯಿತು.

ಅಷ್ಟರಲ್ಲಿ ಬಂದರಪ್ಪಾ ಠಾಣೆಯ ಇನ್ಸ್‌ಪೆಕ್ಟರು, ಹೆಂಡತಿ ಮಕ್ಕಳ ಸಮೇತ. ಮರಿಸಿದ್ದ ಗೇಟಿಗೆ ಅಡ್ಡ ನಿಂತ.

“ಒಳಗೆ ತುಂಬಿದೆ.”

“ಯಾರು ಅಂತ ಗೊತ್ತೇನೋ ನಾನು?”

“ದೇವರೇ ಬಂದ್ರೂ ಬಿಡಬೇಡ ಅಂದವ್ರೆ. ನೀವು ದೇವರಿಗಿಂತ ದೊಡ್ಡವರಾ?”

ಹೆಂಡತಿ ಕಿಸಕ್ಕನೆ ನಕ್ಕಳು. ಇನ್ಸ್‌ಪೆಕ್ಟರು ಕೆಂಪಗಾದರು. ಯಜಮಾನರು ಓಡಿಬಂದರು, ಕಾಲಿಗೆ ಬೀಳುವುದೊಂದು ಬಾಕಿ. ಅವರನ್ನು ಒಳಗೆ ಕೂರಿಸಿ ಬಂದು ಮರಿಸಿದ್ದನ ಮೇಲೆ ಎಗರಿದರು.

“ಪೆದ್ದ ಮುಂಡೇದೇ! ಬಾಲ್ಕನಿಯ ಆ ಸಾಲು ಇಂಥವರಿಗೇ ಬಿಟ್ಟಿರೋದು! ಯಾವಾಗ ಬರ್ತಾರೋ, ಬರೋದೇ ಇಲ್ವೋ, ಖಾಲಿ ಇಟ್ಕೊಂಡು ಕಾಯ್ಬೇಕು! ಇನ್ಮೇಲೆ ಖಾಕಿ ಕಂಡ್ರೆ ಸೆಲ್ಯೂಟ್ ಹೊಡಿ, ಟಿಕೆಟ್ ಕೇಳಬೇಡ, ಬಾಲ್ಕನಿಲಿ ಕೂರಿಸು!”

“ಖಾಕಿ ಕಂಡ್ರೆ ಸೆಲ್ಯೂಟ್, ಬಾಲ್ಕನಿ.” ಗುಟುಕ್!

ಮಾರನೇ ದಿನ ಒಬ್ಬ ಆಟೋದವನು ಗೇಟಿಗೆ ಬಂದ. ಮೈಮೇಲೆ ಖಾಕಿ ಷರ್ಟು. ಸೆಲ್ಯೂಟ್! ಅವನು ಹಿಂದೆ ತಿರುಗಿ ನೋಡಿದ, ಯಾರಿಗೆ ಹೊಡೆದನೋ ಅಂತ. “ನಿಮಗೇ, ಬನ್ನಿ!” ಬಾಲ್ಕನಿ. ಅವನ ಹಿಂದೆ ಬಸ್ ಕಂಡಕ್ಟರು. ಸೆಲ್ಯೂಟ್! ಬಾಲ್ಕನಿ. ಅಂಚೆಯವನು. ಸೆಲ್ಯೂಟ್! ಬಾಲ್ಕನಿ. ಸುದ್ದಿ ಸ್ಟ್ಯಾಂಡಿಗೆ ಮುಟ್ಟಿತು. ಆಟೋಗಳೆಲ್ಲ ಡ್ರೈವರಿಲ್ಲದೆ ನಿಂತವು. ಯಾವ ಜನ್ಮದಲ್ಲೂ ಯಾರಿಂದಲೂ ಸೆಲ್ಯೂಟ್ ಕಂಡಿರದ ಜನ, ಎದೆ ಸೆಟೆಸಿಕೊಂಡು ಮೆಟ್ಟಿಲು ಹತ್ತಿದರು. ಸಾಕಮ್ಮ ಗೋಡೆ ಬುಡದಿಂದ ನೋಡಿ ಹಣೆ ಚಚ್ಚಿಕೊಂಡಳು, ಆದರೂ ತುಟಿಯಲ್ಲಿ ನಗು ನಿಲ್ಲಲಿಲ್ಲ.

ಆಮೇಲೆ ಬಂದರು ಪುರಸಭೆ ಅಧ್ಯಕ್ಷರು, ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ. ಅವರಿಗೆ ಬಾಲ್ಕನಿಯಲ್ಲಿ ಕಾಲಿಡಲೂ ಜಾಗವಿಲ್ಲ!

ಯಜಮಾನರು ಕುಣಿದಾಡಿಬಿಟ್ಟರು. “ಬಟ್ಟೆ ನೋಡಿ ಬಿಡ್ತಾರೇನೋ ಬೆಪ್ಪೇ? ಟಿಕೆಟ್ ನೋಡೋ, ಟಿಕೆಟ್! ದೊಡ್ಡವರನ್ನ ನಾನೇ ಕರ್ಕೊಂಡು ಹೋಗ್ತೀನಿ. ನೀನು ಟಿಕೆಟ್ ಇದ್ದವರನ್ನ ಬಿಡು, ಇಲ್ಲದವರನ್ನ ಬಿಡಬೇಡ. ಯಾವ ನಂಬರೋ ಅದೇ ಸೀಟು! ಕೊಂಡವನು ಬರಲಿ ಬರದೇ ಇರಲಿ, ಅವನ ಸೀಟಲ್ಲಿ ಇನ್ನೊಬ್ಬ ಕೂರಬಾರದು! ಇನ್ನೊಂದು ಸಲ ತಪ್ಪಿದ್ರೆ ನೀನೂ ಗೇಟಲ್ಲಿರಲ್ಲ, ನಿಮ್ಮವ್ವನ ಬುಟ್ಟೀನೂ ಗೇಟಲ್ಲಿರಲ್ಲ!”

“ಯಾವ ನಂಬರೋ ಅದೇ ಸೀಟು. ಅವನ ಸೀಟಲ್ಲಿ ಇನ್ನೊಬ್ಬ ಕೂರಬಾರದು.” ಗುಟುಕ್! ಈ ಸಲದ್ದು ದೊಡ್ಡ ಗುಟುಕು. ಅವ್ವನ ಬುಟ್ಟಿಯೂ ಅದರಲ್ಲಿತ್ತಲ್ಲ.

ಅವತ್ತು ಸಂಜೆ ಸಾಕಮ್ಮ ಮಗನ ತಲೆ ನೇವರಿಸಿ ಅಂದಳು, “ಯಜಮಾನ್ರು ಹೇಳಿದ ಹಾಗೇ ಮಾಡಪ್ಪಾ. ಒಂದು ಕೂದಲೆಳೆ ಆ ಕಡೆ ಈ ಕಡೆ ಆಗಬಾರ್ದು.”

“ಒಂದು ಕೂದಲೆಳೆ ಆಗಬಾರ್ದು.” ಅದನ್ನೂ ನುಂಗಿದ.

ಶುಕ್ರವಾರ ಬಂತು. ದೊಡ್ಡ ನಾಯಕನ ಸಿನಿಮಾ. ಅಭಿಮಾನಿ ಸಂಘದವರು ಟೆಂಪೋ ತುಂಬಾ ಬಂದು ಕೌಂಟರಿಗೆ ಮುತ್ತಿದರು. “ಮೊದಲನೇ ಆಟದ ಅಷ್ಟೂ ಟಿಕೆಟ್ ನಮಗೇ! ನಮ್ಮಣ್ಣನ ಸಿನಿಮಾ ಹೌಸ್‌ಫುಲ್ ಆಗಲಿಲ್ಲ ಅಂದ್ರೆ ಊರಲ್ಲಿ ತಲೆ ಎತ್ತೋದು ಹ್ಯಾಗೆ?” ಕೊಂಡರು. ಬೋರ್ಡು ಬಿತ್ತು. ಬೋರ್ಡಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಕಟೌಟಿಗೆ ಹಾಲು ಸುರಿದರು, ತಮಟೆಗೆ ಕುಣಿದರು, ಸಾಕಮ್ಮನ ಬುಟ್ಟಿಯಲ್ಲಿದ್ದ ಕಾಯಿಯನ್ನೆಲ್ಲ ಮುಕ್ಕಿದರು, ಟಿಕೆಟ್ಟುಗಳನ್ನು ಹೂವಿನ ಹಾಗೆ ಮೇಲಕ್ಕೆ ತೂರಿದರು. ಆಮೇಲೆ? ಟೆಂಪೋ ಹತ್ತಿ, ಪಕ್ಕದ ಊರಿನ ಟಾಕೀಸನ್ನೂ ಹೌಸ್‌ಫುಲ್ ಮಾಡಲು ಹೊರಟೇಹೋದರು!

ಒಳಗೆ ಒಂದು ನರಪಿಳ್ಳೆ ಇಲ್ಲ. ಆಟ ಶುರುವಾಯಿತು.

ಸಾಕಮ್ಮ ಬುಟ್ಟಿ ಮಗುಚಿ ನೋಡಿದಳು. ಒಂದು ಕಾಯಿಯಿಲ್ಲ. ಹುರಿಯಲು ಹಸಿಕಾಯಿಯೂ ಉಳಿದಿಲ್ಲ, ಇಂಟರ್ವಲ್ಲಿನಲ್ಲಿ ಕೊಳ್ಳಲು ಜನವೂ ಇಲ್ಲ. ಜನ್ಮದಲ್ಲಿ ಮೊದಲ ಸಲ ಆಟದ ಹೊತ್ತಿಗೆ ಅವಳ ಕೈ ಬಿಡುವಾಗಿತ್ತು. ಸೆರಗು ಕೊಡವಿಕೊಂಡು ಗೇಟಿಗೆ ಬಂದಳು.

“ಮಗಾ, ನನ್ನ ಒಳಗೆ ಬಿಡೋ.”

“ಒಳಗೆ ತುಂಬಿದೆ, ಅವ್ವಾ.”

“ಕಾಗೆ ಗುಬ್ಬಿನೂ ಇಲ್ವಲ್ಲೋ!”

“ಖಾಲಿ ಕಂಡ್ರೂ ತುಂಬಿದೆ. ಟಿಕೆಟ್ ಇಲ್ಲದವರನ್ನ ಬಿಡಬೇಡ ಅಂದವ್ರೆ.”

ಬಾಯಿಗೆ ಬಂದ ಬೈಗುಳವನ್ನು ಸಾಕಮ್ಮ ಈ ಸಲ ತಾನೇ ನುಂಗಿಕೊಂಡಳು. ಆ ಬೋರ್ಡು ಸುಳ್ಳು ಅಂತ ಯಜಮಾನರಿಗೆ ಗೊತ್ತು, ಸಂಘದವರಿಗೆ ಗೊತ್ತು, ಬಸ್‌ಸ್ಟ್ಯಾಂಡಿನ ನಾಯಿಗೂ ಗೊತ್ತು. ಅದಕ್ಕೆ ಮರ್ಯಾದೆ ಕೊಟ್ಟು ನಿಂತವನು ಇಡೀ ಊರಲ್ಲಿ ತನ್ನ ಮಗ ಒಬ್ಬನೇ. ಹೆತ್ತವ್ವನಿಗೂ ಬಾಗದ ಗೇಟು! ಇಂಥವನನ್ನು ಹೆತ್ತದ್ದಕ್ಕೆ ಅಳಬೇಕೋ, ಆರತಿ ಎತ್ತಬೇಕೋ ಅವಳಿಗೆ ತಿಳಿಯಲಿಲ್ಲ.

ಆದರೆ ಮಗನನ್ನು ಬಲ್ಲವಳು. ಬಗ್ಗಿದಳು. ಹಾಲಿನ ಕೆಸರಿನಲ್ಲಿ ಬಿದ್ದಿದ್ದ ಒಂದು ಟಿಕೆಟ್ ಎತ್ತಿ, ಸೆರಗಿನಲ್ಲಿ ಒರೆಸಿ, ಮುಂದೆ ಹಿಡಿದಳು.

ಮರಿಸಿದ್ದನ ಮುಖ ಅರಳಿತು. “ಬನ್ನಿ ತಾಯಿ, ಬನ್ನಿ!” ಟಿಕೆಟ್ ಅರ್ಧ ಹರಿದ, ಅರ್ಧ ಕೊಟ್ಟ. ಟಾರ್ಚು ಬಿಟ್ಟುಕೊಂಡು ಮುಂದೆ ಮುಂದೆ ನಡೆದ. ಖಾಲಿ ಸಾಲಿನ ನಡುವೆ “ಸ್ವಲ್ಪ ಕಾಲು ತೆಗೀರಿ ಸ್ವಾಮೀ, ದಾರಿ ಬಿಡೀಮ್ಮಾ” ಅನ್ನುತ್ತಾ ನಂಬರು ಹುಡುಕಿ, ಕುರ್ಚಿ ಒರೆಸಿ ಕೂರಿಸಿದ.

ಸಾಕಮ್ಮ ಕೂತಳು. ಕಣ್ಣೆತ್ತಿದಳು. ಎದುರಿಗೆ ಕಂಬ!

ಬಾಲ್ಕನಿ ಹೊತ್ತು ನಿಂತ ಕಂಬ, ಆನೆಯ ಕಾಲಿನಷ್ಟು ದಪ್ಪ. ಆ ಕಡೆ ನಾಯಕನ ಅರ್ಧ ಮೀಸೆ, ಈ ಕಡೆ ನಾಯಕಿಯ ಬಳೆ ತೊಟ್ಟ ಕೈ. ಮುಖ ಪೂರ್ತಿ ಕಂಬದ ಹಿಂದೆ. ಕತ್ತು ಉದ್ದ ಮಾಡಿದಳು, ಓರೆ ಮಾಡಿದಳು. ಕಂಬ ಜಗ್ಗಲಿಲ್ಲ. ಮಗನೂ ಜಗ್ಗಲಿಲ್ಲ. ಅವ್ವ ನಂಬರು ತಪ್ಪಿ ಕೂತಾಳು ಅಂತ ಟಾರ್ಚು ಹಿಡಿದು ಅಲ್ಲೇ ಕಾವಲು ನಿಂತಿದ್ದ.

ಅಷ್ಟರಲ್ಲಿ ನಾಯಕಿ ಅಳತೊಡಗಿದಳು. ಸಾಕಮ್ಮ ರೂಢಿಯಂತೆ ಸೆರಗು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ಇಳಿಸಿ ಮಗನ ಕಡೆ ತಿರುಗಿದಳು.

“ಮಗಾ, ಅವಳು ಅಳ್ತಾವ್ಳೆ ಕಣೋ. ಒಂದೇ ಒಂದು ಸೀಟು ಆ ಕಡೆ ಜರುಗಲೇನೋ?”